ವಿಮಾನ ವಿದೇಶದ್ದು, ಕೆಲಸ ಯಾರದ್ದು?

ನಮ್ಮ ವಿಮಾನಯಾನ ಕಂಪನಿಗಳು ನೂರಾರು ವಿಮಾನಗಳನ್ನು ಹೊರದೇಶಗಳಿಂದ ಕೊಳ್ಳುತ್ತಿವೆ. ಇದರಿಂದ ಇಲ್ಲಿನವರ ಉದ್ಯೋಗಕ್ಕೆ ಏನಾಗುತ್ತದೆ ಎಂದು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ.

ಪ್ರಶ್ನೆ: 2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ ಆರ್ಡರ್ ಕೊಟ್ಟಾಗ, ಇದರಿಂದ ತಮ್ಮ 44 ರಾಜ್ಯಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಉದ್ಯೋಗಗಳಿಗೆ ಆಸರೆ ಸಿಗುತ್ತದೆ ಎಂದು ಅಮೆರಿಕದ ಅಧ್ಯಕ್ಷರು ಹೇಳಿದರು. ಟಿಕೆಟ್ ದುಡ್ಡು ನಮ್ಮದು, ಕೆಲಸ ಅವರಿಗೆ. ಇದು ಯಾವ ನ್ಯಾಯ?
– ನಿವೃತ್ತ ಶಿಕ್ಷಕರು, ಕಲಬುರಗಿ

ಉತ್ತರ: ನಿಮ್ಮ ಸಿಟ್ಟು ಸಹಜವಾದದ್ದು. ಆದರೆ ನಾವು ಕಳೆದುಕೊಂಡದ್ದು ಏನು, ಪಡೆಯಬಹುದಾಗಿದ್ದು ಏನು ಎಂದು ಬೇರೆ ಬೇರೆ ನೋಡಬೇಕು.

ಆ 470ರಲ್ಲಿ 250 ಏರ್‌ಬಸ್ ವಿಮಾನ, 220 ಬೋಯಿಂಗ್. ಅದೇ ವರ್ಷ ಜೂನ್‌ನಲ್ಲಿ ಇಂಡಿಗೋ ಒಂದೇ ಸಲಕ್ಕೆ ಏರ್‌ಬಸ್‌ನ ಎ320 ಕುಟುಂಬದ 500 ವಿಮಾನಗಳಿಗೆ ಸಹಿ ಹಾಕಿತು. 180 ಸೀಟಿನ ಆಸುಪಾಸಿನ ಜೆಟ್ ವಿಮಾನವನ್ನು ನಮ್ಮ ದೇಶದಲ್ಲಿ ಯಾರೂ ತಯಾರಿಸುವುದಿಲ್ಲ. ಹಾಗಾಗಿ ಈ ಖರೀದಿಯಿಂದ ಇಲ್ಲಿನ ಯಾವ ಕಾರ್ಖಾನೆಯೂ ಬಾಗಿಲು ಹಾಕಲಿಲ್ಲ. ಮೊಜಾಂಬಿಕ್, ಮ್ಯಾನ್ಮಾರ್‌ನಿಂದ ತೊಗರಿ ಬಂದಿಳಿದಾಗ ನಮ್ಮ ಜಿಲ್ಲೆಯ ರೈತನಿಗೆ ಬೀಳುವ ಪೆಟ್ಟಿಗೂ ಇದಕ್ಕೂ ಹೋಲಿಕೆಯಿಲ್ಲ. ಅಲ್ಲಿ ನಾವು ಬೆಳೆಯುವ ಬೆಳೆ ಇದೆ, ಇಲ್ಲಿ ಬೆಳೆಯೇ ಇಲ್ಲ.

ವಿಮಾನ ಬಂದ ಮೇಲೆ ಅದನ್ನು ಹಾರಿಸುವ ಕೆಲಸವಂತೂ ಇಲ್ಲೇ ಹುಟ್ಟುತ್ತದೆ. ಒಂದು ಎ320 ದಿನಕ್ಕೆ 12 ಗಂಟೆ ಹಾರಿದರೆ ವರ್ಷಕ್ಕೆ 4,380 ಗಂಟೆ. ಕಾಕ್‌ಪಿಟ್‌ನಲ್ಲಿ ಇಬ್ಬರು, ಅಂದರೆ 8,760 ಪೈಲಟ್ ಗಂಟೆ. ನಿಯಮದ ಪ್ರಕಾರ ಒಬ್ಬ ಪೈಲಟ್ ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ಲೆಕ್ಕಕ್ಕೇ ಒಂಬತ್ತು ಜನ ಬೇಕು. ರಜೆ, ಸಿಮ್ಯುಲೇಟರ್ ತರಬೇತಿ, ಅನಾರೋಗ್ಯ, ಸ್ಟ್ಯಾಂಡ್‌ಬೈ ಎಲ್ಲ ಸೇರಿಸಿದರೆ ಒಂದು ವಿಮಾನಕ್ಕೆ ಹನ್ನೆರಡರ ಮೇಲಾಗುತ್ತದೆ. 50 ಸೀಟಿಗೆ ಒಬ್ಬರಂತೆ ನಾಲ್ಕು ಕ್ಯಾಬಿನ್ ಸಿಬ್ಬಂದಿ ಇರಬೇಕು. ಅದೇ ರೀತಿ ಎಣಿಸಿದರೆ ಇಪ್ಪತ್ತರ ಆಸುಪಾಸು. ಇದರ ಮೇಲೆ ಎಂಜಿನಿಯರು, ಲೋಡರು, ಚೆಕ್-ಇನ್ ಕೌಂಟರು, ಊಟದ ಗಾಡಿ, ಇಂಧನದ ಗಾಡಿ.

ಆದರೆ ಇಷ್ಟಕ್ಕೇ ಸಮಾಧಾನಪಟ್ಟರೆ ತಪ್ಪಾಗುತ್ತದೆ. ಹಾರಿಸುವ ಕೆಲಸ ವಿಮಾನದ ಹಿಂದೆಯೇ ಬರುತ್ತದೆ, ಅದನ್ನು ಯಾರೂ ನಮಗೆ ದಾನ ಕೊಡಬೇಕಿಲ್ಲ. ಭಾಗಗಳನ್ನು ತಯಾರಿಸುವ ಮತ್ತು ಎಂಜಿನ್ ಬಿಚ್ಚಿ ರಿಪೇರಿ ಮಾಡುವ ಕೆಲಸ ಹಾಗಲ್ಲ. ಅದನ್ನು ಸಹಿ ಹಾಕುವ ಮೊದಲು ಕೇಳಿ ಬರೆಸಿಕೊಳ್ಳಬೇಕು. ಸಹಿ ಬಿದ್ದ ಮೇಲೆ ಮಾರುವವನಿಗೆ ನಮ್ಮ ಮಾತು ಕೇಳುವ ದರ್ದು ಇರುವುದಿಲ್ಲ.

2005–06ರಲ್ಲಿ ಏರ್ ಇಂಡಿಯಾ 68 ಬೋಯಿಂಗ್ ವಿಮಾನ ಕೊಂಡಾಗ ಸರ್ಕಾರ ಹೀಗೆ ಕೇಳಿತ್ತು. ನಾಗಪುರದಲ್ಲಿ 10 ಕೋಟಿ ಡಾಲರ್ ವೆಚ್ಚದ ನಿರ್ವಹಣಾ ಕೇಂದ್ರ ಕಟ್ಟಿಕೊಡಲು ಬೋಯಿಂಗ್ ಒಪ್ಪಿತು. ಕೇಂದ್ರ ಬಂತು, ನಿಜ. ಆದರೆ ಕೆಲಸ ಶುರುವಾಗಲು ಹತ್ತು ವರ್ಷದ ಹತ್ತಿರ ಹಿಡಿಯಿತು. ಆ ಹೊತ್ತಿಗೆ ಹಲವು ವಿಮಾನಗಳ ಮೊದಲ ದೊಡ್ಡ ತಪಾಸಣೆ ಬೇರೆಡೆ ಮುಗಿದಿತ್ತು. ಷರತ್ತು ಬರೆಸಿದರೆ ಸಾಲದು, ಅದರ ಪಕ್ಕದಲ್ಲೇ ತಾರೀಖೂ ದಂಡದ ಮೊತ್ತವೂ ಇರಬೇಕು. ಈಗ ಏರ್ ಇಂಡಿಯಾ ಖಾಸಗಿ ಕಂಪನಿ. 2022ರ ಜನವರಿಯಿಂದ ಟಾಟಾ ಸಮೂಹದ ಕೈಯಲ್ಲಿದೆ. ಸರ್ಕಾರ ಮೊದಲಿನಂತೆ ಖರೀದಿದಾರನ ಕುರ್ಚಿಯಲ್ಲಿ ಕೂತು ಚೌಕಾಸಿ ಮಾಡಲಾಗದು.

ಹಾಗಿದ್ದೂ ಸ್ವಲ್ಪ ಕೆಲಸ ಬಂದಿದೆ. ಏರ್‌ಬಸ್ ಭಾರತದಿಂದ ವರ್ಷಕ್ಕೆ ಸುಮಾರು 140 ಕೋಟಿ ಡಾಲರ್ ಮೌಲ್ಯದ ಭಾಗಗಳನ್ನೂ ಸೇವೆಗಳನ್ನೂ ಕೊಳ್ಳುತ್ತಿದೆ. 2030ಕ್ಕೆ ಅದನ್ನು 200 ಕೋಟಿಗೆ ಏರಿಸುವ ಗುರಿ ಹೇಳಿಕೊಂಡಿದೆ. ಬೋಯಿಂಗ್ ಸುಮಾರು 125 ಕೋಟಿ ಡಾಲರ್‌ನಷ್ಟು ತರಿಸಿಕೊಳ್ಳುತ್ತದೆ. ಬೆಂಗಳೂರಿನ ಡೈನಮ್ಯಾಟಿಕ್ ಕಂಪನಿ ಎ320ರ ರೆಕ್ಕೆಯ ಫ್ಲ್ಯಾಪ್ ಟ್ರ್ಯಾಕ್ ಬೀಮ್‌ಗಳನ್ನು, ಅಂದರೆ ರೆಕ್ಕೆಯ ಹಿಂದಿನ ಮಡಿಕೆ ಜಾರುವ ತೊಲೆಗಳನ್ನು, ಮಾಡುತ್ತದೆ. ಎ220 ವಿಮಾನದ ಬಾಗಿಲುಗಳ ಗುತ್ತಿಗೆ ಅದಕ್ಕೆ 2024ರಲ್ಲಿ ಸಿಕ್ಕಿತು. ಎ320ರ ಮುಂಬಾಗಿಲುಗಳನ್ನು ಎಚ್‌ಎಎಲ್ ಬಹಳ ವರ್ಷಗಳಿಂದ ಮಾಡುತ್ತಿದೆ. ನಾವು ಇಟ್ಟಿರುವ ಆರ್ಡರ್‌ಗಳ ಗಾತ್ರದ ಮುಂದೆ ಇದು ಕಡಿಮೆಯೇ. ಇನ್ನೂ ಹೆಚ್ಚು ಕೇಳುವ ಹಕ್ಕು ನಮಗಿದೆ.

ಪ್ರಶ್ನೆ: ವಿದೇಶಿ ವಿಮಾನಕ್ಕೆ ಭಾರೀ ಆಮದು ಸುಂಕ ಹಾಕಿದರೆ ಇಲ್ಲೇ ತಯಾರಿಸುವುದಿಲ್ಲವೇ?
– ಬಿ.ಕಾಂ. ವಿದ್ಯಾರ್ಥಿ, ಸೇಡಂ

ಉತ್ತರ: ಇಲ್ಲ. ಈಗ ನಿಗದಿತ ಸೇವೆಯ ಕಂಪನಿಗಳು ತರುವ ವಿಮಾನಕ್ಕೆ ಮೂಲ ಸೀಮಾ ಸುಂಕವಿಲ್ಲ. ಹಾಕಿದರೆ ಆ ಹೊರೆ ಟಿಕೆಟ್ ಮೇಲೆ ಬೀಳುತ್ತದೆ. ಮೊದಲು ನಿಲ್ಲುವುದು ಕಲಬುರಗಿ, ಬೀದರ್‌ನಂಥ ಸಣ್ಣ ಊರಿನ ಸೇವೆ. 2019ರ ನವೆಂಬರ್ 22ರಂದು ಕಲಬುರಗಿ ನಿಲ್ದಾಣ ಶುರುವಾದಾಗ ಇಳಿದದ್ದು ಬ್ರೆಜಿಲ್‌ನಲ್ಲಿ ತಯಾರಾದ 50 ಸೀಟಿನ ಎಂಬ್ರಾಯರ್. 2020ರ ಫೆಬ್ರುವರಿಯಲ್ಲಿ ಬೀದರ್‌ಗೆ ಬಂದದ್ದು ಫ್ರಾನ್ಸ್‌ನಲ್ಲಿ ಜೋಡಿಸಿದ ಎಟಿಆರ್. ಸಣ್ಣ ಊರುಗಳ ವಿಮಾನ ಸೇವೆಗೆ ಕೇಂದ್ರ ಕೊಡುವ ಉಡಾನ್ ಯೋಜನೆಯ ನೆರವಿದ್ದಾಗಲೇ ಇಂಥ ಮಾರ್ಗಗಳು ಕಷ್ಟದಲ್ಲಿ ನಡೆಯುತ್ತವೆ. ಜೊತೆಗೆ ನಮ್ಮ ಕಂಪನಿಗಳ ಬಹುಪಾಲು ವಿಮಾನಗಳು ಗುತ್ತಿಗೆಯವು. ಬಾಡಿಗೆ ಏರಿದರೆ ಮಾಲೀಕ ವಿಮಾನವನ್ನು ಬೇರೆ ದೇಶಕ್ಕೆ ಒಯ್ಯುತ್ತಾನೆ.

ಪ್ರಶ್ನೆ: ನಮ್ಮ ಬೀದರ್ ವಾಯುನೆಲೆಯ ಹಾಕ್ ವಿಮಾನಗಳು ಮೂಲದಲ್ಲಿ ಬ್ರಿಟನ್ನಿನವು, ಆದರೆ ಹೆಚ್ಚಿನವನ್ನು ಬೆಂಗಳೂರಲ್ಲೇ ಮಾಡಿದರು ಎಂದು ಕೇಳಿದ್ದೇವೆ. ಪ್ರಯಾಣಿಕರ ವಿಮಾನವನ್ನೂ ಹಾಗೇ ಮಾಡಬಾರದೇಕೆ?
– ಅಂಗಡಿ ಮಾಲೀಕರು, ಬೀದರ್

ಉತ್ತರ: ಕೇಳಿದ್ದು ಸರಿ. 2004ರ ಒಪ್ಪಂದದಲ್ಲಿ 66 ಹಾಕ್ ತರಬೇತಿ ಜೆಟ್‌ಗಳಿದ್ದವು. 24 ಬ್ರಿಟನ್ನಿನಿಂದ ಹಾರಿ ಬಂದವು, 42ನ್ನು ಎಚ್‌ಎಎಲ್ ಬೆಂಗಳೂರಿನಲ್ಲಿ ತಯಾರಿಸಿತು. 2008ರಲ್ಲಿ ಅವು ಬೀದರ್‌ನಲ್ಲಿ ಸೇವೆಗೆ ಸೇರಿದವು. ಆಮೇಲೆ ಇನ್ನೂ 57ಕ್ಕೆ ಆರ್ಡರ್ ಬಂತು. ನಿಮ್ಮ ಊರ ಮೇಲೆ ಅಭ್ಯಾಸ ಮಾಡುವ ಸೂರ್ಯಕಿರಣ ತಂಡ ಮೊದಲು ಹಾರಿಸುತ್ತಿದ್ದ ಕಿರಣ್ ವಿಮಾನವಂತೂ ವಿನ್ಯಾಸದಿಂದಲೇ ಎಚ್‌ಎಎಲ್‌ನದು.

ವಾಯುಪಡೆಯ ಖರೀದಿಯಲ್ಲಿ ಕೊಳ್ಳುವವನೂ ಷರತ್ತು ಹಾಕುವವನೂ ಸರ್ಕಾರವೇ. ವಿಮಾನ ಒಂದು ವರ್ಷ ತಡವಾದರೆ, ಬೆಲೆ ಸ್ವಲ್ಪ ಹೆಚ್ಚಾದರೆ ತಡೆದುಕೊಳ್ಳುತ್ತದೆ. ವಿಮಾನಯಾನ ಕಂಪನಿ ಆರು ತಿಂಗಳ ವಿಳಂಬವನ್ನೂ ತಾಳದು. ಬ್ಯಾಂಕಿನ ಕಂತು, ನಿಲ್ದಾಣದ ಸ್ಲಾಟ್, ತರಬೇತಿ ಮುಗಿಸಿ ಕೂತ ಪೈಲಟ್‌ಗಳ ಸಂಬಳ ಕಾಯುವುದಿಲ್ಲ.

ಜೋಡಣಾ ಘಟಕ ತರುವುದು ಅಸಾಧ್ಯವೇನಲ್ಲ. ಎ320 ಈಗ ಫ್ರಾನ್ಸ್‌ನ ಟುಲೂಸ್, ಜರ್ಮನಿಯ ಹ್ಯಾಂಬರ್ಗ್, ಅಮೆರಿಕದ ಮೊಬೈಲ್ ಮತ್ತು ಚೀನಾದ ಟಿಯಾಂಜಿನ್‌ನಲ್ಲಿ ಜೋಡಣೆಯಾಗುತ್ತದೆ. ಚೀನಾಕ್ಕೆ 2008ರಲ್ಲೇ ಅದು ಸಿಕ್ಕಿತು. ಅಲ್ಲಿ ಎಲ್ಲ ಕಂಪನಿಗಳ ಪರವಾಗಿ ಸರ್ಕಾರವೇ ಮಾತುಕತೆಗೆ ಕೂರುತ್ತದೆ.

ಆದರೆ ಜೋಡಣೆಯನ್ನೇ ದೊಡ್ಡದು ಎಂದುಕೊಳ್ಳಬೇಡಿ. ರೆಕ್ಕೆ, ಒಡಲು, ಬಾಲ, ಎಂಜಿನ್ ಎಲ್ಲ ಸಿದ್ಧವಾಗಿ ಬರುತ್ತವೆ, ಅಲ್ಲಿ ಕೂಡಿಸಿ ಪರೀಕ್ಷಿಸುತ್ತಾರೆ. ಜನ ಬೇಕಾಗುವುದು ಅದಕ್ಕೂ ಮೊದಲು ಆಗುವ ಬಿಡಿಭಾಗ ತಯಾರಿಕೆಗೆ. ವಾಯುಪಡೆಯ ಸಿ-295 ಸಾಗಣೆ ವಿಮಾನವನ್ನೇ ನೋಡಿ. ಒಟ್ಟು 56ರಲ್ಲಿ 16 ಸ್ಪೇನ್‌ನಿಂದ ಬಂದವು, 40 ವಡೋದರಾದ ಟಾಟಾ ಘಟಕದಲ್ಲಿ ತಯಾರಾಗಬೇಕು. 13 ಸಾವಿರಕ್ಕೂ ಹೆಚ್ಚು ಬಗೆಯ ಬಿಡಿಭಾಗಗಳನ್ನು ದೇಶದಲ್ಲೇ ಮಾಡಬೇಕೆಂಬ ಷರತ್ತಿದೆ. ಸರ್ಕಾರದ ಆಗಿನ ಅಂದಾಜಿನಲ್ಲಿ ಉನ್ನತ ಕೌಶಲದ ನೇರ ಉದ್ಯೋಗ 600, ಪರೋಕ್ಷ ಉದ್ಯೋಗ 3,000ಕ್ಕೂ ಹೆಚ್ಚು, ಮಧ್ಯಮ ಕೌಶಲದ್ದು ಇನ್ನೊಂದು 3,000. ಹೆಚ್ಚಿನ ಪಾಲು ಜೋಡಣೆಯ ಶೆಡ್‌ನ ಹೊರಗೇ ಇದೆ.

ಪ್ರಶ್ನೆ: ಚಂದ್ರನ ಮೇಲೆ ಇಳಿದವರಿಗೆ ನೂರು ಸೀಟಿನ ವಿಮಾನ ಮಾಡಲು ಆಗದೇ?
– ಪ್ರೌಢಶಾಲಾ ವಿದ್ಯಾರ್ಥಿನಿ, ಆಳಂದ

ಉತ್ತರ: ಹಾರುವ ವಿಮಾನ ಮಾಡಬಹುದು. ಇಪ್ಪತ್ತು ವರ್ಷ ದಿನಕ್ಕೆ ಹತ್ತು ಗಂಟೆ ಹಾರಿ, ಪ್ರತಿ ಸಲ ಸುರಕ್ಷಿತವಾಗಿ ಇಳಿಯುತ್ತದೆ ಎಂದು ಕಾಗದದಲ್ಲಿ ಸಾಬೀತು ಮಾಡುವುದು ಕಷ್ಟದ ಭಾಗ. ಅದಕ್ಕೆ ಟೈಪ್ ಸರ್ಟಿಫಿಕೇಟ್ ಎನ್ನುತ್ತಾರೆ. ರೆಕ್ಕೆಯನ್ನು ಮುರಿಯುವ ಮಟ್ಟಕ್ಕೆ ಬಗ್ಗಿಸಿ ನೋಡಬೇಕು, ಒಡಲಿಗೆ ಸಾವಿರಾರು ಸಲ ಗಾಳಿ ತುಂಬಿ ಇಳಿಸಬೇಕು, ಒಂದು ಎಂಜಿನ್ ನಿಲ್ಲಿಸಿ ಏರಬೇಕು.

ಕಾನ್ಪುರದಲ್ಲಿ ಎಚ್‌ಎಎಲ್ ಬ್ರಿಟಿಷ್ ವಿನ್ಯಾಸದ ಆವ್ರೊ 748 ತಯಾರಿಸುತ್ತಿತ್ತು. ಇಲ್ಲಿ ಜೋಡಿಸಿದ ಮೊದಲನೆಯದು 1961ರ ನವೆಂಬರ್‌ನಲ್ಲಿ ಹಾರಿತು. ಇಂಡಿಯನ್ ಏರ್‌ಲೈನ್ಸ್ ಅದನ್ನು ಬಳಸಿತು. ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ವಿನ್ಯಾಸಗೊಳಿಸಿದ ಸರಸ್ 2004ರಲ್ಲಿ ಮೊದಲು ಹಾರಿತು. 2009ರ ಮಾರ್ಚ್‌ನಲ್ಲಿ ಬಿಡದಿ ಬಳಿ ಎರಡನೇ ಮಾದರಿ ಬಿದ್ದು ಮೂವರು ತೀರಿಕೊಂಡರು, ಯೋಜನೆ ವರ್ಷಗಟ್ಟಲೆ ನಿಂತಿತು. ಈಗ ಇಲ್ಲಿ ತಯಾರಾಗಿ ಪ್ರಯಾಣಿಕರನ್ನು ಒಯ್ಯುವುದು ಕಾನ್ಪುರದ ಡಾರ್ನಿಯರ್ 228. 2022ರ ಏಪ್ರಿಲ್‌ನಲ್ಲಿ ಅಸ್ಸಾಂನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಅಲಯನ್ಸ್ ಏರ್ ಅದನ್ನು ಹಾರಿಸಿತು. ನೂರು ಸೀಟಿನ ಆಸುಪಾಸಿನ ರಷ್ಯಾದ ಎಸ್‌ಜೆ-100 ಜೆಟ್ ಅನ್ನು ಇಲ್ಲಿ ತಯಾರಿಸಲು ಎಚ್‌ಎಎಲ್ 2025ರ ಅಕ್ಟೋಬರ್‌ನಲ್ಲಿ ಒಡಂಬಡಿಕೆಗೆ ಸಹಿ ಮಾಡಿದೆ. ನೀವು ಎಂಜಿನಿಯರಿಂಗ್ ಓದಿ ಮುಗಿಸುವ ಹೊತ್ತಿಗೆ ಈ ಕ್ಷೇತ್ರಕ್ಕೆ ಜನ ಬೇಕೇ ಬೇಕು. ಗಣಿತ, ಭೌತಶಾಸ್ತ್ರ ಬಿಡಬೇಡಿ.

ಪ್ರಶ್ನೆ: ಕಪನೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಎರಡು ಸಿಎನ್‌ಸಿ ಲೇತ್, ಒಂದು ವರ್ಟಿಕಲ್ ಮಷಿನಿಂಗ್ ಸೆಂಟರ್, ಎಂಟು ಜನ ಕೆಲಸಗಾರರಿದ್ದಾರೆ. ಸಿಮೆಂಟ್ ಕಾರ್ಖಾನೆ, ದಾಲ್ ಮಿಲ್‌ಗಳ ಬಿಡಿಭಾಗ ಮಾಡುತ್ತೇವೆ. ವಿಮಾನದ ಭಾಗಗಳ ಕೆಲಸ ನಮ್ಮಂಥವರಿಗೆ ಸಿಗುತ್ತದೆಯೇ?
– ವರ್ಕ್‌ಶಾಪ್ ಮಾಲೀಕರು, ಕಲಬುರಗಿ

ಉತ್ತರ: ಸಿಗುತ್ತದೆ, ಆದರೆ ನೇರವಾಗಿ ಅಲ್ಲ, ಬೇಗನೆಯೂ ಅಲ್ಲ. ಏರ್‌ಬಸ್, ಬೋಯಿಂಗ್ ನಿಮಗೆ ಆರ್ಡರ್ ಕೊಡುವುದಿಲ್ಲ. ಅವುಗಳಿಗೆ ಬಾಗಿಲು, ಬೀಮ್‌ನಂಥ ದೊಡ್ಡ ಜೋಡಣೆ ಕೊಡುವ ಕಂಪನಿಗಳಿವೆ. ಆ ಕಂಪನಿಗಳಿಗೆ ಬಿಡಿಭಾಗ ಕೊಡುವ ಮಷಿನಿಂಗ್ ಘಟಕಗಳು ಬೆಂಗಳೂರು, ಹೈದರಾಬಾದ್, ಬೆಳಗಾವಿಯಲ್ಲಿವೆ. ನೀವು ಹೋಗಿ ಮಾತಾಡಬೇಕಾದದ್ದು ಈ ಕೊನೆಯವರ ಹತ್ತಿರ.

ವಿಮಾನಕ್ಕೆ ಹೋಗುವ ಭಾಗದಿಂದ ಶುರು ಮಾಡಬೇಡಿ. ಜಿಗ್, ಫಿಕ್ಸ್ಚರ್, ಗೇಜ್, ವಿಮಾನ ಎಳೆಯುವ ಟೋ-ಬಾರ್, ಚಕ್ರಕ್ಕೆ ಇಡುವ ಚಾಕ್, ನಿರ್ವಹಣೆಯ ಸ್ಟ್ಯಾಂಡ್ ಇಂಥವನ್ನು ಕೇಳಿ. ಇವು ಹಾರುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಎಎಸ್9100 ಪ್ರಮಾಣಪತ್ರ ಇಲ್ಲದಿದ್ದರೂ ಕೊಡುತ್ತಾರೆ. ವರ್ಷ ಎರಡು ವರ್ಷ ಹೊತ್ತಿಗೆ ಸರಿಯಾಗಿ ಮಾಲು ಕೊಟ್ಟರೆ ಅದೇ ಕಂಪನಿಯ ಗುಣಮಟ್ಟ ವಿಭಾಗ ನಿಮ್ಮ ಶೆಡ್ ನೋಡಲು ಬರುತ್ತದೆ.

ಎಎಸ್9100 ಎಂದರೆ ಐಎಸ್‌ಒ 9001ರ ಮೇಲೆ ವಿಮಾನೋದ್ಯಮದ ಷರತ್ತುಗಳನ್ನು ಸೇರಿಸಿದ ಮಾನದಂಡ. ಇದನ್ನು ಕಾಗದ ತುಂಬಿಸಿ ಕೊಡುವ ಏಜೆಂಟರ ಕೈಗೆ ಬಿಡಬೇಡಿ. ಪ್ರಮಾಣಪತ್ರ ಗೋಡೆಗೆ ನೇತುಹಾಕಿದ ಮೇಲೆ ಗ್ರಾಹಕ ಬಂದು ಕೇಳುವುದು ಒಂದೇ ಮಾತು: "ಈ ತುಣುಕು ಯಾವ ಪ್ಲೇಟಿನಿಂದ ಬಂತು, ತೋರಿಸಿ." ಪ್ಲೇಟಿನ ಹೀಟ್ ನಂಬರ್ (ಲೋಹವನ್ನು ಯಾವ ಸಲ ಕರಗಿಸಿದ್ದು ಎಂಬ ಗುರುತು), ಮಿಲ್ ಸರ್ಟಿಫಿಕೇಟ್, ಕತ್ತರಿಸಿದ ದಿನ, ಮಷಿನ್, ಆಪರೇಟರ್, ಅಳತೆ ಮಾಡಿದ ಮೈಕ್ರೋಮೀಟರಿನ ನಂಬರ್, ಅದರ ಕ್ಯಾಲಿಬ್ರೇಷನ್ ತಾರೀಖು ಇಷ್ಟೂ ಹತ್ತು ನಿಮಿಷದಲ್ಲಿ ಸಿಗಬೇಕು. ಉಳಿದ ಅರ್ಧ ಪ್ಲೇಟಿನ ಮೇಲೆ ನಂಬರ್ ಬರೆಯದೆ ಮೂಲೆಗೆ ಒರಗಿಸಿದರೆ ಆ ಲೋಹ ಅಲ್ಲಿಗೆ ಸ್ಕ್ರ್ಯಾಪ್. ಹೊಸಬರ ಶೆಡ್‌ಗಳಲ್ಲಿ ಹೆಚ್ಚು ನಷ್ಟವಾಗುವುದು ಇಲ್ಲೇ.

ಮೊದಲ ತುಣುಕಿನ ತಪಾಸಣೆ ಎಂಬುದೊಂದಿದೆ, ಎಎಸ್9102 ಪ್ರಕಾರ. ಡ್ರಾಯಿಂಗ್‌ನಲ್ಲಿರುವ ಪ್ರತಿಯೊಂದು ಅಳತೆಗೂ ಟಿಪ್ಪಣಿಗೂ ಸುತ್ತು ಹಾಕಿ ನಂಬರ್ ಕೊಟ್ಟು, ಅಷ್ಟನ್ನೂ ಅಳೆದು ಬರೆಯಬೇಕು. ಮಷಿನ್ ಬದಲಾದರೆ, ಶೆಡ್ ಬೇರೆ ಜಾಗಕ್ಕೆ ಹೋದರೆ, ಪ್ರೋಗ್ರಾಂ ತಿದ್ದಿದರೆ ಸಂಬಂಧಪಟ್ಟ ಭಾಗವನ್ನು ಮತ್ತೆ ಮಾಡಬೇಕು. ಎರಡು ವರ್ಷ ಆ ಭಾಗ ತಯಾರಿಸದಿದ್ದರೂ ಮತ್ತೆ ಮಾಡಬೇಕು.

ಈಗ ನಮ್ಮೂರಿನ ಬಿಸಿಲಿನ ವಿಷಯ. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ. ಮೇ ತಿಂಗಳಲ್ಲಿ ತಗಡಿನ ಶೆಡ್ ಒಳಗೆ 40 ಇರುತ್ತದೆ. 500 ಮಿ.ಮೀ. ಉದ್ದದ ಅಲ್ಯೂಮಿನಿಯಂ ತುಣುಕು ಆ 20 ಡಿಗ್ರಿಗೆ ಸುಮಾರು 0.23 ಮಿ.ಮೀ. ಹಿಗ್ಗುತ್ತದೆ. ಡ್ರಾಯಿಂಗ್ ಕೊಡುವ ಸಲಿಗೆ ಕೆಲವೊಮ್ಮೆ 0.05 ಮಾತ್ರ. ಉಕ್ಕಿನ ವರ್ನಿಯರ್ ಕೂಡ ಅದೇ ಬಿಸಿಯಲ್ಲಿ ಹಿಗ್ಗಿರುವುದರಿಂದ ಅರ್ಧ ತಪ್ಪು ಮುಚ್ಚಿಹೋಗುತ್ತದೆ, ಆದರೂ 0.12ರಷ್ಟು ಉಳಿಯುತ್ತದೆ. ನಿಮ್ಮಲ್ಲಿ ಸರಿ ಬಂದ ಭಾಗ ಬೆಂಗಳೂರಿನ ಎ.ಸಿ. ಕೋಣೆಯಲ್ಲಿ ಗಿಡ್ಡವಾಗಿ ವಾಪಸ್ ಬರುತ್ತದೆ. ಇದು ಆಪರೇಟರನ ತಪ್ಪಲ್ಲ. ಹತ್ತಕ್ಕೆ ಹನ್ನೆರಡು ಅಡಿಯ ಒಂದು ಕೋಣೆಯನ್ನು 20 ಡಿಗ್ರಿಯಲ್ಲಿಟ್ಟು, ತುಣುಕನ್ನು ಕೆಲವು ಗಂಟೆ ಅಲ್ಲಿ ಬಿಟ್ಟು ಆಮೇಲೆ ಅಳೆಯಿರಿ. ಐದು ಆಕ್ಸಿಸ್ ಮಷಿನ್‌ಗೆ ಸಾಲ ಮಾಡುವ ಮೊದಲು ಈ ಕೋಣೆಗೆ ಖರ್ಚು ಮಾಡಿ ಎಂದು ಒತ್ತಿ ಹೇಳುತ್ತೇವೆ.

ಲೋಹ ಹೆಚ್ಚಾಗಿ 7075, 2024 ಎಂಬ ನಂಬರಿನ ಅಲ್ಯೂಮಿನಿಯಂ ಮಿಶ್ರಲೋಹ. ದಪ್ಪ ಪ್ಲೇಟನ್ನು ಒಂದೇ ಬದಿಯಿಂದ ಆಳವಾಗಿ ಕೊರೆದರೆ ಒಳಗಿನ ಬಿಗಿತ ಸಡಿಲಾಗಿ ತುಣುಕು ಬಾಳೆಕಾಯಿಯಂತೆ ಬಾಗುತ್ತದೆ. ಹಿಗ್ಗಿಸಿ ಬಿಗಿತ ಇಳಿಸಿದ ಪ್ಲೇಟು ಬೇಕು: 7075ರಲ್ಲಿ ಟಿ7351 ಎಂದು ಗುರುತಿರುತ್ತದೆ. ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪ ರಫ್ ಮಾಡಿ, ಕ್ಲ್ಯಾಂಪ್ ಸಡಿಲಿಸಿ, ಬಿಡಿಸಿಕೊಂಡ ಮೇಲೆ ಫಿನಿಶ್ ಪಾಸ್ ಹೊಡೆಯಿರಿ. ಅಂಚಿನ ಬರ್ (ಕೊರೆದಾಗ ಉಳಿಯುವ ಚೂಪು ಎಳೆ) ತೆಗೆಯದೆ ಬಿಟ್ಟರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಹೆಚ್ಚು ಕೊರೆದುಹೋದ ಜಾಗವನ್ನು ವೆಲ್ಡ್ ಮಾಡಿ ಫೈಲ್ ಹೊಡೆದು ಮುಚ್ಚುವ ಅಭ್ಯಾಸ ಸಿಮೆಂಟ್ ಕಾರ್ಖಾನೆಯ ಕೆಲಸಕ್ಕೆ ನಡೆದೀತು, ಇಲ್ಲಿ ಅದು ಅಪರಾಧಕ್ಕೆ ಸಮ. ತಪ್ಪಾದ ತುಣುಕಿಗೆ ಕೆಂಪು ಚೀಟಿ ಕಟ್ಟಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಗ್ರಾಹಕರಿಗೆ ಬರೆದು ತಿಳಿಸಬೇಕು. ಬಳಸಬಹುದೇ ಎಂದು ತೀರ್ಮಾನಿಸುವುದು ಅವರು.

ಆನೊಡೈಸಿಂಗ್, ಹೀಟ್ ಟ್ರೀಟ್‌ಮೆಂಟ್, ಬಿರುಕು ಪತ್ತೆಯ ಪರೀಕ್ಷೆಗಳಿಗೆ ನ್ಯಾಡ್‌ಕ್ಯಾಪ್ ಎಂಬ ವಿಮಾನೋದ್ಯಮದ ಪ್ರತ್ಯೇಕ ಮಾನ್ಯತೆ ಬೇಕು. ಅದನ್ನು ನೀವೇ ಹಾಕಲು ಹೋಗಬೇಡಿ, ಹೊರೆ ಭಾರವಾಗುತ್ತದೆ. ಬೆಳಗಾವಿಯ ಏಕಸ್ ಕಂಪನಿಯ ಆವರಣ ಬೆಳೆದದ್ದೇ ಫೋರ್ಜಿಂಗ್, ಮಷಿನಿಂಗ್, ಮೇಲ್ಮೈ ಸಂಸ್ಕರಣೆ ಒಂದೇ ಬೇಲಿಯೊಳಗೆ ಇದ್ದುದರಿಂದ. ಕಲಬುರಗಿಯಲ್ಲಿ ಆ ಸರಪಳಿ ಇಲ್ಲದಿರುವುದು ದೊಡ್ಡ ಕೊರತೆ. ನಂದೂರು-ಕೆಸರಟಗಿ ಪ್ರದೇಶದಲ್ಲಿ ಸರ್ಕಾರ ಒಂದು ಸಾಮಾನ್ಯ ಸಂಸ್ಕರಣಾ ಘಟಕ ಹಾಕಿದರೆ ಹತ್ತಾರು ಸಣ್ಣ ಶೆಡ್‌ಗಳಿಗೆ ದಾರಿಯಾಗುತ್ತದೆ. ನಿಮ್ಮ ಸಂಘದಿಂದ ಇದನ್ನೇ ಕೇಳಿ.

ಹಣದ ವಿಷಯ. ಲೋಹವನ್ನು ಗ್ರಾಹಕರೇ ಕೊಟ್ಟು ಮಷಿನಿಂಗ್ ಕೂಲಿ ಮಾತ್ರ ಕೊಡುವ ಪದ್ಧತಿ ಇದೆ. ನಿಮ್ಮ ಬಂಡವಾಳ ಉಳಿಯುತ್ತದೆ, ಆದರೆ ಕೆಡಿಸಿದರೆ ಲೋಹದ ಬೆಲೆ ಯಾರದ್ದು ಎಂದು ಒಪ್ಪಂದದಲ್ಲಿ ಓದಿಕೊಳ್ಳಿ. ಉದ್ಯಮ್ ನೋಂದಣಿ ಮಾಡಿಸಿಟ್ಟುಕೊಳ್ಳಿ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕೆಂಬ ಕಾನೂನಿನ ಬಲ ಅದರಿಂದ ಸಿಗುತ್ತದೆ.

ಪ್ರಶ್ನೆ: ನನ್ನ ತಮ್ಮ ಐಟಿಐ ಫಿಟ್ಟರ್ ಮುಗ್ಸಿ ಮನ್ಯಾಗ ಅದಾನ್ರಿ. ತಂಗಿ ಪಿಯುಸಿ ಸೈನ್ಸ್ ಎರಡನೇ ವರ್ಷ. ಇಷ್ಟು ವಿಮಾನ ಬರ್ಲಿಕತ್ತಾವ ಅಂದ್ರ ಇವ್ರಿಗೆ ಕೆಲ್ಸ ಸಿಗ್ತದೇನ್ರಿ? 371(ಜೆ) ಸರ್ಟಿಫಿಕೇಟ್ ಉಪಯೋಗ ಆಗ್ತದೇನು?
– ಅಂಗನವಾಡಿ ಕಾರ್ಯಕರ್ತೆ, ಶಹಾಪುರ

ಉತ್ತರ: ಅಕ್ಕಾ, ಇಬ್ಬರಿಗೂ ದಾರಿ ಇದೆ, ಬೇರೆ ಬೇರೆ.

ತಂಗಿಯದು ಮೊದಲು. ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಬೇಕು. ಬಯಾಲಜಿ ತೆಗೆದುಕೊಂಡು ಗಣಿತ ಬಿಟ್ಟಿದ್ದರೆ ಆಗದು. ಲೈಸೆನ್ಸಿನಲ್ಲಿ ವರ್ಗಗಳಿವೆ: ಜೆಟ್, ಟರ್ಬೊಪ್ರಾಪ್ ವಿಮಾನಗಳ ಮೆಕ್ಯಾನಿಕಲ್ ಕೆಲಸಕ್ಕೆ ಬಿ1.1, ಎಲೆಕ್ಟ್ರಾನಿಕ್ಸ್‌ಗೆ ಬಿ2, ಪಿಸ್ಟನ್ ಎಂಜಿನ್‌ನ ಸಣ್ಣ ವಿಮಾನಕ್ಕೆ ಬಿ1.2. ಬಿ1.1 ಮತ್ತು ಬಿ2ಕ್ಕೆ 2,400 ಗಂಟೆಯ ತರಬೇತಿ, ಮಾಡ್ಯೂಲ್ ಪರೀಕ್ಷೆಗಳಲ್ಲಿ ಪ್ರತಿಯೊಂದರಲ್ಲೂ ಶೇ 75 ಅಂಕ, ಆಮೇಲೆ ಸೇವೆಯಲ್ಲಿರುವ ವಿಮಾನಗಳ ನಿರ್ವಹಣೆಯಲ್ಲಿ ಎರಡು ವರ್ಷದ ಅನುಭವ ಬೇಕು. ಅದೂ ಮುಗಿದ ಮೇಲೆ ಎ320 ಅಥವಾ 737 ಎಂದು ನಿರ್ದಿಷ್ಟ ವಿಮಾನದ ಟೈಪ್ ತರಬೇತಿ ಆದರೇ ಸಹಿ ಹಾಕುವ ಅಧಿಕಾರ. ಕಾಲೇಜು ಸೇರಿದ ದಿನದಿಂದ ಆ ಸಹಿಯ ತನಕ ಐದಾರು ವರ್ಷ ಹಿಡಿಯುತ್ತದೆ ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಮೋಸ ಹೋಗುವುದು ಸೇರುವಾಗಲೇ. ದುಡ್ಡು ಕಟ್ಟುವ ಮೊದಲು ಡಿಜಿಸಿಎ ಜಾಲತಾಣದಲ್ಲಿ ಸಿಎಆರ್-147 (ತರಬೇತಿ ಸಂಸ್ಥೆಗಳ ನಿಯಮ) ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ತೆಗೆದು ಆ ಸಂಸ್ಥೆಯ ಹೆಸರು, ಊರು, ಮಾನ್ಯತೆ ಯಾವ ವರ್ಗಕ್ಕೆ, ಯಾವ ತಾರೀಖಿನವರೆಗೆ ಎಂದು ನೋಡಿ. "ಏವಿಯೇಷನ್ ಡಿಪ್ಲೊಮಾ" ಎಂದು ಹೆಸರಿಟ್ಟು ಲೈಸೆನ್ಸಿಗೆ ಸಂಬಂಧವೇ ಇಲ್ಲದ ಕೋರ್ಸ್ ಮಾರುವವರಿದ್ದಾರೆ. ಪ್ರಾಯೋಗಿಕ ತರಬೇತಿಗೆ ಯಾವ ನಿರ್ವಹಣಾ ಕಂಪನಿಯ ಜೊತೆ ಒಪ್ಪಂದವಿದೆ ಎಂದು ಕಾಗದ ಕೇಳಿ. ಬಾಯಿಮಾತಿನ ಕೆಲಸದ ಗ್ಯಾರಂಟಿಗೆ ಬೆಲೆಯಿಲ್ಲ. ಬಣ್ಣ ಗುರುತಿಸುವ ದೃಷ್ಟಿ ಪರೀಕ್ಷೆಯನ್ನು ಸೇರುವ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿ. ವೈರಿನ ಬಣ್ಣ ಗೊತ್ತಾಗದೆ ಈ ಕೆಲಸ ಮಾಡಲಾಗದು.

ತಮ್ಮನಿಗೆ ಅಷ್ಟು ಖರ್ಚಿಲ್ಲ. ಫಿಟ್ಟರ್, ಟರ್ನರ್, ಮಷಿನಿಸ್ಟ್, ಶೀಟ್ ಮೆಟಲ್ ಕಲಿತವರನ್ನು ಎಚ್‌ಎಎಲ್ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಎನ್‌ಸಿವಿಟಿ ಸರ್ಟಿಫಿಕೇಟ್ ಇದೆಯೇ ನೋಡಿ, ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಅದರಲ್ಲಿರುವ ಹೆಸರು, ಜನ್ಮ ದಿನಾಂಕ ಆಧಾರ್ ಕಾರ್ಡಿನಲ್ಲಿ ಇದ್ದ ಹಾಗೇ ಇರಬೇಕು, ಅರ್ಜಿಗಳು ಬಿದ್ದುಹೋಗುವುದು ಬಹಳ ಸಲ ಇದಕ್ಕೇ. ಅಪ್ರೆಂಟಿಸ್ ಮುಗಿದ ಕೂಡಲೇ ಕಾಯಂ ನೌಕರಿ ಎಂದೇನಿಲ್ಲ, ಆದರೆ ವಿಮಾನದ ರಿವೆಟ್ ಹೊಡೆದ ಕೈಗೆ ಖಾಸಗಿ ಕಂಪನಿಗಳಲ್ಲಿ ಬೇಡಿಕೆ ಇದೆ. ಇನ್ನೂ ಕಲಿಯುವ ಮನಸ್ಸಿದ್ದರೆ ಕಲಬುರಗಿಯ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಸಿಎನ್‌ಸಿ ಕೋರ್ಸ್‌ಗಳನ್ನು ವಿಚಾರಿಸಿ.

ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ರಾಜ್ಯ ಸರ್ಕಾರದ ನೌಕರಿಗೂ ರಾಜ್ಯದ ಕಾಲೇಜು ಸೀಟುಗಳಿಗೂ ಅನ್ವಯಿಸುತ್ತದೆ. ಎಚ್‌ಎಎಲ್ ಕೇಂದ್ರದ ಸಂಸ್ಥೆ, ವಿಮಾನಯಾನ ಕಂಪನಿಗಳು ಖಾಸಗಿ. ಅಲ್ಲಿ ಅದು ನಡೆಯುವುದಿಲ್ಲ. ತಂಗಿ ಸಿಇಟಿ ಬರೆದು ಏರೋನಾಟಿಕಲ್ ಅಥವಾ ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ ಹೋಗುವುದಾದರೆ ಆ ಸರ್ಟಿಫಿಕೇಟ್ ಖಂಡಿತ ಬೇಕು, ಈಗಲೇ ಮಾಡಿಸಿಡಿ.

ಪ್ರಶ್ನೆ: ಎಂಜಿನ್ ಕೆಟ್ಟು ವಿಮಾನಗಳು ನಿಂತು ನೌಕರರು ಬೀದಿಗೆ ಬಿದ್ದದ್ದನ್ನು ಓದಿದ್ದೇವೆ. ಎಲ್ಲಕ್ಕೂ ವಿದೇಶದ ಕಡೆ ನೋಡುವುದರ ಫಲವಲ್ಲವೇ ಇದು?
– ವಕೀಲರು, ಹುಮನಾಬಾದ್

ಉತ್ತರ: ಬಹುಮಟ್ಟಿಗೆ ಹೌದು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಪ್ರ್ಯಾಟ್ ಆ್ಯಂಡ್ ವಿಟ್ನಿ ಎಂಜಿನ್‌ಗಳ ಕೊರತೆಯೇ ಕಾರಣ ಎಂದು ಕಂಪನಿ ಹೇಳಿತು. ಅದೇ ಎಂಜಿನ್‌ನ ಡಿಸ್ಕ್‌ಗಳಿಗೆ ಬಳಸಿದ ಲೋಹದ ಪುಡಿಯಲ್ಲಿ ಕಲ್ಮಶವಿದ್ದುದು ಆ ವರ್ಷ ಬಯಲಾಗಿ, ಇಂಡಿಗೋದ ಹತ್ತಾರು ವಿಮಾನಗಳೂ ನಿಂತವು. ಬಿಚ್ಚಿ ನೋಡುವ ಕಾರ್ಖಾನೆಗಳು ಹೊರದೇಶದಲ್ಲಿ, ಅಲ್ಲಿ ತಿಂಗಳುಗಟ್ಟಲೆ ಸರದಿ.

ಇಲ್ಲಿ ರಿಪೇರಿ ಬೆಳೆಯದಿರಲು ತೆರಿಗೆಯೂ ಕಾರಣವಾಗಿತ್ತು. ನಿರ್ವಹಣಾ ಸೇವೆಯ ಜಿಎಸ್‌ಟಿ 2020ರ ಏಪ್ರಿಲ್‌ನಲ್ಲಿ ಶೇ 18ರಿಂದ 5ಕ್ಕೆ ಇಳಿಯಿತು. 2024ರ ಜುಲೈನಿಂದ ಬಿಡಿಭಾಗಗಳ ಆಮದಿಗೂ ಏಕರೂಪವಾಗಿ ಶೇ 5 ಐಜಿಎಸ್‌ಟಿ. 2025ರ ನವೆಂಬರ್‌ನಲ್ಲಿ ಹೈದರಾಬಾದ್‌ನ ಶಂಶಾಬಾದ್ ವಿಮಾನ ನಿಲ್ದಾಣದ ಬಳಿ ಫ್ರಾನ್ಸ್‌ನ ಸಫ್ರಾನ್ ಕಂಪನಿಯ ಲೀಪ್ ಎಂಜಿನ್ ರಿಪೇರಿ ಘಟಕ ಉದ್ಘಾಟನೆಯಾಯಿತು. ಪೂರ್ಣ ಪ್ರಮಾಣಕ್ಕೆ ಬಂದಾಗ ವರ್ಷಕ್ಕೆ 300 ಎಂಜಿನ್, ಸಾವಿರಕ್ಕೂ ಹೆಚ್ಚು ಎಂಜಿನಿಯರ್, ತಂತ್ರಜ್ಞರು. ಹುಮನಾಬಾದ್‌ನಿಂದ ಹೈದರಾಬಾದ್‌ಗೆ ನೇರ ಹೆದ್ದಾರಿ ಇದೆ. ಬೀದರ್ ಜಿಲ್ಲೆಯ ಪಾಲಿಟೆಕ್ನಿಕ್‌ಗಳು ಆ ಘಟಕದವರನ್ನು ಕರೆಸಿ, ಯಾವ ಕೌಶಲ ಬೇಕು ಎಂದು ಕೇಳಿ ಪಠ್ಯ ಹೊಂದಿಸಿಕೊಳ್ಳಬೇಕು. ಬೆಂಗಳೂರಿಗಿಂತ ಇದು ನಮಗೆ ಬಹಳ ಹತ್ತಿರ.

ಪ್ರಶ್ನೆ: ಶ್ರೀನಿವಾಸ ಸರಡಗಿಯ ನಮ್ಮ ವಿಮಾನ ನಿಲ್ದಾಣದಲ್ಲಿ ದೊಡ್ಡ ರನ್‌ವೇ ಇದೆ. ಅಲ್ಲೇ ವಿಮಾನ ರಿಪೇರಿ ಕೇಂದ್ರ ತರಲು ಸಾಧ್ಯವಿಲ್ಲವೇ?
– ಡಿಪ್ಲೊಮಾ ಮೆಕ್ಯಾನಿಕಲ್ ವಿದ್ಯಾರ್ಥಿ, ಚಿತ್ತಾಪುರ

ಉತ್ತರ: ರನ್‌ವೇ 3,175 ಮೀಟರ್, ಎ320 ಇಳಿಯಲು ಧಾರಾಳ. ತೊಡಕು ಇರುವುದು ಬೇರೆ ಕಡೆ. ಎ320ರ ರೆಕ್ಕೆಯ ಹರವು ಸುಮಾರು 36 ಮೀಟರ್, ಉದ್ದ 37.5, ಬಾಲದ ಎತ್ತರ 12ರ ಹತ್ತಿರ. ಅಷ್ಟು ದೊಡ್ಡ ಹ್ಯಾಂಗರ್ ಕಟ್ಟಬಹುದು, ಆದರೆ ಅದು ವರ್ಷವಿಡೀ ತುಂಬಿರಬೇಕು. ರಾತ್ರಿ ತಂಗುವ ವಿಮಾನಗಳೇ ಇಲ್ಲದ ಊರಿಗೆ ಖಾಲಿ ವಿಮಾನ ಹಾರಿಸಿಕೊಂಡು ಬರುವ ಇಂಧನದ ಖರ್ಚು ಯಾರೂ ಭರಿಸುವುದಿಲ್ಲ. ಸುಂಕ ಕಟ್ಟದೆ ಬಿಡಿಭಾಗ ಇಟ್ಟುಕೊಳ್ಳುವ ಬಾಂಡೆಡ್ ಗೋದಾಮು, ಲೈಸೆನ್ಸ್ ಇರುವ ಎಂಜಿನಿಯರ್‌ಗಳು ಕೂಡ ಅಲ್ಲೇ ಇರಬೇಕು.

ಈಗಲೇ ಆಗಬಹುದಾದ ಕೆಲಸ ನಿಮ್ಮ ಕಣ್ಣೆದುರಿಗೇ ಇದೆ. ಆ ನಿಲ್ದಾಣದಲ್ಲಿ ಪೈಲಟ್ ತರಬೇತಿ ಶಾಲೆಗಳಿವೆ. ಅಲ್ಲಿ ದಿನವಿಡೀ ಹಾರುವ ಸಣ್ಣ ವಿಮಾನಗಳೂ ವಿದೇಶದವೇ. ಆದರೆ ಅವುಗಳ ನಿರ್ವಹಣೆ ಇಲ್ಲೇ ಆಗಬೇಕು. ಲೈಕಮಿಂಗ್ ಕಂಪನಿಯ ಪಿಸ್ಟನ್ ಎಂಜಿನ್ ಇದ್ದರೆ 50 ಗಂಟೆಗೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಹಳೆ ಫಿಲ್ಟರ್ ಕತ್ತರಿಸಿ ಲೋಹದ ಚೂರು ಇದೆಯೇ ನೋಡುತ್ತಾರೆ. 100 ಗಂಟೆಗೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರ್‌ಗೆ 80 ಪಿಎಸ್‌ಐ ಗಾಳಿ ಕೊಟ್ಟು ಎಷ್ಟು ಸೋರುತ್ತದೆ ಎಂದು ಅಳೆಯುತ್ತಾರೆ. ಬ್ರೇಕ್, ಟೈರ್, ಮೂಗಿನ ಚಕ್ರದ ಸ್ಟ್ರಟ್ ನೋಡುವುದು ಬೇರೆ, ಏಕೆಂದರೆ ಹೊಸ ಕಲಿಕೆಯವರ ಒರಟು ಇಳಿತಕ್ಕೆ ಮೊದಲು ಸವೆಯುವುದು ಅವೇ. ಒಂದು ತರಬೇತಿ ವಿಮಾನ ತಿಂಗಳಿಗೆ 80 ಗಂಟೆ ಹಾರಿದರೂ ಹತ್ತೊಂಬತ್ತು ದಿನಕ್ಕೆ ಹೆಚ್ಚುಕಡಿಮೆ ಒಮ್ಮೆ ತಪಾಸಣೆಗೆ ಬರುತ್ತದೆ.

ಈ ಕೆಲಸಕ್ಕೆ ಬೇಕಾದ ಲೈಸೆನ್ಸ್ ಬಿ1.2. ಹೆಚ್ಚಿನವರು ದೊಡ್ಡ ಜೆಟ್‌ನ ಆಸೆಗೆ ಬಿ1.1 ಮಾತ್ರ ಮಾಡುತ್ತಾರೆ, ಹಾಗಾಗಿ ಪಿಸ್ಟನ್ ಎಂಜಿನ್ ಬಲ್ಲವರು ಸುಲಭಕ್ಕೆ ಸಿಗುವುದಿಲ್ಲ. ಬಿ1.2 ತರಬೇತಿ 2,000 ಗಂಟೆ. ಮಾನ್ಯತೆ ಪಡೆದ ಕೋರ್ಸ್ ಮಾಡಿದ್ದರೆ ಆಮೇಲಿನ ಅನುಭವ ಒಂದು ವರ್ಷ ಸಾಕು. ಬೆಂಗಳೂರಿನ ಎನ್‌ಎಎಲ್ ವಿನ್ಯಾಸದ ಎರಡು ಸೀಟಿನ ಹಂಸ-ಎನ್‌ಜಿ ತರಬೇತಿ ವಿಮಾನವನ್ನು ಖಾಸಗಿಯವರ ಮೂಲಕ ತಯಾರಿಸಲು ಹೊರಟಿದ್ದಾರೆ. ಅದರ ಎಂಜಿನ್ ಆಸ್ಟ್ರಿಯಾದ ರೋಟ್ಯಾಕ್ಸ್. ಶಾಲೆಗಳು ಅದನ್ನು ಕೊಂಡರೆ ಅದೂ ಇದೇ ಲೈಸೆನ್ಸಿನ ಕೈಗೆ ಬರುತ್ತದೆ. ನಿಮ್ಮ ಡಿಪ್ಲೊಮಾದ ಕೊನೆಯ ವರ್ಷದ ಇಂಟರ್ನ್‌ಶಿಪ್‌ಗೆ ತರಬೇತಿ ಶಾಲೆಯ ನಿರ್ವಹಣಾ ವಿಭಾಗಕ್ಕೆ ಕಾಲೇಜಿನ ಪತ್ರದೊಂದಿಗೆ ಅರ್ಜಿ ಹಾಕಿ. ನಿಲ್ದಾಣದ ಒಳಗೆ ಹೋಗಲು ಪ್ರವೇಶ ಪಾಸ್ ಬೇಕು, ಅದಕ್ಕೆ ಪೊಲೀಸ್ ಪರಿಶೀಲನೆ ಆಗಬೇಕು. ಹಾಗಾಗಿ ಎರಡು ಮೂರು ತಿಂಗಳು ಮೊದಲೇ ಕೊಡಿ.